‘ವೀಸಾ ನಿರಾಕರಿಸಬಹುದು’ ಎಂಬ ಪತ್ರಕ್ಕೆ ಉತ್ತರ ಬರೆಯುವುದು

(ಶಿವಮೊಗ್ಗದ ಕಾಲೇಜೊಂದರಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳಿಗೂ ಪೋಷಕರಿಗೂ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

‘ನಿಮ್ಮ ವೀಸಾ ಅರ್ಜಿಯನ್ನು ನಿರಾಕರಿಸಬಹುದು, ನಿಮ್ಮ ಮಾತು ಹೇಳಿ’ ಎಂದು ಪರದೇಶದ ವಲಸೆ ಅಧಿಕಾರಿ ಕಳಿಸುವ ಪತ್ರದ ಮೊದಲ ನಾಲ್ಕು ಸಾಲು ಓದುವಷ್ಟರಲ್ಲಿ ನಮ್ಮ ಜನ ಎರಡರಲ್ಲಿ ಒಂದು ದಾರಿ ಹಿಡಿಯುತ್ತಾರೆ. ಎಲ್ಲ ಮುಗಿಯಿತೆಂದು ಕೈಚೆಲ್ಲಿ ಕೂರುವವರು ಕೆಲವರು. ಏಜೆಂಟನಿಗೆ ಫೋನ್ ಮಾಡಿ ‘ಏನಾದರೂ ಮಾಡಿ ಸರಿಮಾಡಿಕೊಡಿ’ ಎಂದು ಹೇಳಿ ತೋಟಕ್ಕೆ ಹೋಗುವವರು ಉಳಿದವರು. ಮೊದಲನೆಯವರಿಗೆ ಸಾಮಾನ್ಯವಾಗಿ ಈ ವರ್ಷದ ಪ್ರವೇಶ ಕೈತಪ್ಪೀತು. ಎರಡನೆಯವರಿಗೆ ಮೂರು ವರ್ಷ, ಐದು ವರ್ಷ, ಕೆಲವೊಮ್ಮೆ ಜೀವನಪರ್ಯಂತ ಆ ದೇಶದ ಬಾಗಿಲು ಮುಚ್ಚಬಹುದು. ಅದು ಹೇಗೆ ಎಂದು ಹೇಳುವುದಕ್ಕೇ ನಾನು ಇವತ್ತು ಇಲ್ಲಿ ನಿಂತಿದ್ದೇನೆ.

ನಾನು ವೀಸಾ ಏಜೆಂಟ್ ಅಲ್ಲ. ಇಲ್ಲಿನ ಕೋರ್ಟಿನಲ್ಲಿ ಸಿವಿಲ್ ದಾವೆ ನಡೆಸುವ ವಕೀಲ, ಜೊತೆಗೆ ನೋಟರಿ. ನೋಟರಿಯ ಮೇಜಿಗೆ ಊರಿನ ಕಷ್ಟವೆಲ್ಲ ಒಂದಲ್ಲ ಒಂದು ದಿನ ಬರುತ್ತದೆ. ಕೆಲವು ವರ್ಷಗಳಿಂದ ಈ ಪತ್ರಗಳೂ ಬರತೊಡಗಿವೆ. ‘ಸರ್, ಇದಕ್ಕೊಂದು ಅಫಿಡವಿಟ್ ಮಾಡಿಕೊಡಿ’ ಎನ್ನುತ್ತಾರೆ. ಓದಿ ನೋಡಿದರೆ ಪತ್ರದಲ್ಲಿ ಅಫಿಡವಿಟ್ ಕೇಳಿಯೇ ಇರುವುದಿಲ್ಲ, ಬೇರೆಯೇ ಏನೋ ಕೇಳಿರುತ್ತಾರೆ. ಕೆನಡಾದ, ಆಸ್ಟ್ರೇಲಿಯಾದ ಕಾನೂನಿನಲ್ಲಿ ವಕಾಲತ್ತು ವಹಿಸುವ ಅಧಿಕಾರ ನನಗಿಲ್ಲ. ಆದರೆ ನೋಟಿಸಿಗೆ ಉತ್ತರ ಬರೆಯುವುದು ನನ್ನ ದಿನನಿತ್ಯದ ಕೆಲಸ. ಇದೂ ಒಂದು ನೋಟಿಸೇ.

ಮಲೆನಾಡಿನವರಿಗೆ ನೋಟಿಸ್ ಎಂದರೆ ಏನೆಂದು ಹೇಳಿಕೊಡಬೇಕಾಗಿಲ್ಲ. ಒತ್ತುವರಿಯ ಬಗ್ಗೆ ಅರಣ್ಯ ಇಲಾಖೆಯಿಂದಲೋ ತಹಶೀಲ್ದಾರರಿಂದಲೋ ‘ಏಕೆ ತೆರವುಗೊಳಿಸಬಾರದು, ಕಾರಣ ತಿಳಿಸಿ’ ಎಂಬ ಕಾಗದ ನೋಡದ ಹೋಬಳಿ ನಮ್ಮಲ್ಲಿ ಇಲ್ಲ. ಆ ಕಾಗದ ಬಂದ ದಿನವೇ ತೋಟ ಹೋಗಿಬಿಡುವುದಿಲ್ಲ. ಉತ್ತರ ಕೊಡದೆ ಸುಮ್ಮನಿದ್ದರೆ ಹೋಗುತ್ತದೆ. ವೀಸಾ ಪತ್ರವೂ ಹಾಗೆಯೇ. ಕೆನಡಾದವರು ಇದನ್ನು ಪ್ರೊಸೀಜರಲ್ ಫೇರ್‌ನೆಸ್ (ನ್ಯಾಯಯುತ ವಿಧಾನದ) ಪತ್ರ ಎನ್ನುತ್ತಾರೆ. ಆಸ್ಟ್ರೇಲಿಯಾದಲ್ಲಿ 1958ರ ವಲಸೆ ಕಾಯ್ದೆಯ 57ನೇ ಕಲಮಿನ ಅಡಿಯಲ್ಲಿ, ಅರ್ಜಿದಾರನಿಗೆ ಪ್ರತಿಕೂಲವಾದ ಮಾಹಿತಿಯನ್ನು ಅವನ ಮುಂದಿಟ್ಟು ಅಭಿಪ್ರಾಯ ಕೇಳುತ್ತಾರೆ. ನ್ಯೂಜಿಲೆಂಡಿನಲ್ಲೂ ಇಂಥದೇ ಪತ್ರ ಇದೆ. ಅಮೆರಿಕದ ಒಳಗಿದ್ದುಕೊಂಡು ಅರ್ಜಿ ಹಾಕಿದವರಿಗೆ ಅಲ್ಲಿನ ವಲಸೆ ಸೇವಾ ಇಲಾಖೆ ‘ನಿರಾಕರಿಸುವ ಉದ್ದೇಶವಿದೆ’ ಎಂಬ ನೋಟಿಸ್ ಕಳಿಸುತ್ತದೆ. ಹೆಸರು ಬೇರೆ, ಒಳಗಿನ ಮಾತು ಒಂದೇ: ನಮ್ಮ ಕೈಯಲ್ಲಿ ಇಂಥ ಮಾಹಿತಿ ಇದೆ, ಅದರಿಂದ ಇಂಥ ಅನುಮಾನ ಬಂದಿದೆ, ಇಂಥ ದಿನದೊಳಗೆ ನಿಮ್ಮ ಮಾತು ಹೇಳಿ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ, ಕಾನೂನು ಓದುವ ಮಕ್ಕಳೂ ಕೂತಿದ್ದಾರೆ. ನಮ್ಮ ದೇಶದಲ್ಲಿ ಈ ‘ನಿಮ್ಮ ಮಾತು ಹೇಳಿ’ ಎಂಬ ತತ್ವ ಗಟ್ಟಿಯಾಗಿ ಬೇರೂರಿದ್ದು ಒಂದು ಪಾಸ್‌ಪೋರ್ಟಿನ ಪ್ರಕರಣದಿಂದ. 1977ರಲ್ಲಿ ಮೇನಕಾ ಗಾಂಧಿಯವರ ಪಾಸ್‌ಪೋರ್ಟನ್ನು ಸರ್ಕಾರ ವಶಕ್ಕೆ ತೆಗೆದುಕೊಂಡಿತು. ಕಾರಣ ಕೇಳಿದರೆ, ಸಾರ್ವಜನಿಕ ಹಿತದ ದೃಷ್ಟಿಯಿಂದ ಕಾರಣ ಕೊಡಲಾಗದು ಎಂದಿತು. 1978ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಸಂವಿಧಾನದ 21ನೇ ವಿಧಿಯ ಅಡಿಯಲ್ಲಿ ವ್ಯಕ್ತಿಯ ಸ್ವಾತಂತ್ರ್ಯ ಕಸಿಯುವ ಯಾವುದೇ ವಿಧಾನವಾದರೂ ನ್ಯಾಯಯುತವಾಗಿರಬೇಕು, ಬಾಧಿತನ ಮಾತು ಕೇಳಬೇಕು ಎಂದು ಹೇಳಿತು. ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲಿ ಜಮೈಕಾ ಮೂಲದ ಬೇಕರ್ ಎಂಬ ಮಹಿಳೆಯ ಪ್ರಕರಣದಲ್ಲಿ, ವಲಸೆ ಅಧಿಕಾರಿಯ ತೀರ್ಮಾನಕ್ಕೂ ನ್ಯಾಯಯುತ ವಿಧಾನದ ಕಟ್ಟುಪಾಡು ಇದೆ ಎಂದಿತು. ವ್ಯತ್ಯಾಸವನ್ನೂ ಮರೆಯಬೇಡಿ. ನಮ್ಮ ಪಾಸ್‌ಪೋರ್ಟು ನಮ್ಮ ಹಕ್ಕಿಗೆ ಹತ್ತಿರದ್ದು. ಪರದೇಶದ ವೀಸಾ ನಮ್ಮ ಹಕ್ಕಲ್ಲ. ಆದ್ದರಿಂದ ಉತ್ತರ ಕೊಡುವಾಗ ‘ನನಗೆ ವೀಸಾ ಕೊಡಲೇಬೇಕು’ ಎಂಬ ಧಾಟಿ ನಡೆಯುವುದಿಲ್ಲ. ನಿಮ್ಮ ಮಾತನ್ನು ಓದಿ ತೀರ್ಮಾನಿಸಬೇಕು ಎಂಬಷ್ಟು ಮಾತ್ರ ಕೇಳಬಹುದು.

ಎಲ್ಲರಿಗೂ ಈ ಪತ್ರ ಬರುವುದಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟ ತಾಯಂದಿರು ಚೆನ್ನೈಗೆ ಹೋಗಿ ಅಮೆರಿಕದ ದೂತಾವಾಸದ ಕಿಟಕಿಯ ಮುಂದೆ ನಿಂತಾಗ, ಅಧಿಕಾರಿಗೆ ಸಮಾಧಾನವಾಗದಿದ್ದರೆ ಅಲ್ಲೇ ಅವರ ವಲಸೆ ಕಾಯ್ದೆಯ 214(ಬಿ) ಕಲಮಿನ ನಿರಾಕರಣೆಯ ಚೀಟಿ ಕೊಟ್ಟು ಕಳಿಸುತ್ತಾರೆ; ಮುನ್ಸೂಚನೆ ಇಲ್ಲ. ಒಂದೇ ವೀಸಾ ನಡೆಯುವ ಯುರೋಪಿನ ಷೆಂಗೆನ್ ದೇಶಗಳು ಸಾಮಾನ್ಯವಾಗಿ ಕಾರಣಗಳಿಗೆ ಗುರುತು ಹಾಕಿದ ನಮೂನೆಯನ್ನೇ ನೇರವಾಗಿ ಕೊಡುತ್ತವೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕೆಂದರೆ ಇರಬೇಕು; 27ನೇ ದಿನ ಯಾರೋ ಗೊಬ್ಬರಕ್ಕೆಂದು ತೆಗೆದು ಮರುದಿನ ಹಾಕಿದರೂ ಲೆಕ್ಕ ತಪ್ಪಿತು. ಅಂಥವಕ್ಕೆ ಹೋಲಿಸಿದರೆ, ಪತ್ರ ಬಂದಿರುವುದು ನಿಮ್ಮ ಅದೃಷ್ಟ.

ಈಗ ಪತ್ರವನ್ನು ಓದುವ ವಿಚಾರ. ಕೈಯಲ್ಲಿ ಪೆನ್ನು ಹಿಡಿದು ಓದಿ. ಅಧಿಕಾರಿಗೆ ಅನುಮಾನ ತಂದ ಸಂಗತಿ ಯಾವುದು, ಅವರು ಯಾವ ಕಲಂ ಉಲ್ಲೇಖಿಸಿದ್ದಾರೆ, ಉತ್ತರಕ್ಕೆ ಕೊನೆಯ ದಿನ ಯಾವುದು, ಇವುಗಳ ಕೆಳಗೆ ಗೆರೆ ಎಳೆಯಿರಿ. ಕಲಂ ಬಹಳ ಮುಖ್ಯ, ನಮ್ಮವರು ಅದನ್ನೇ ಹಾರಿಸಿ ಓದುತ್ತಾರೆ. ‘ನಿಮ್ಮ ಹಣದ ಮೂಲ ನಮಗೆ ಸ್ಪಷ್ಟವಾಗಿಲ್ಲ’ ಎನ್ನುವುದು ಒಂದು ಬಗೆ. ‘ನೀವು ಸುಳ್ಳು ಮಾಹಿತಿ ಕೊಟ್ಟಿರಬಹುದು’ ಎನ್ನುವುದು ಬೇರೆಯೇ ಬಗೆ. ಮೊದಲನೆಯದರಲ್ಲಿ ಸೋತರೆ ಈ ಅರ್ಜಿ ಹೋಗುತ್ತದೆ, ಇನ್ನೊಂದು ಹಾಕಬಹುದು. ಎರಡನೆಯದರಲ್ಲಿ ಸೋತರೆ ಕೆನಡಾದ ಕಾಯ್ದೆಯ 40ನೇ ಕಲಮಿನ ಪ್ರಕಾರ ಐದು ವರ್ಷ ಆ ದೇಶಕ್ಕೆ ಪ್ರವೇಶವಿಲ್ಲ. ಆಸ್ಟ್ರೇಲಿಯಾದಲ್ಲಿ 4020 ಎಂಬ ಸಂಖ್ಯೆಯ ನಿಯಮವೊಂದಿದೆ. ನಕಲಿ ದಾಖಲೆಗೆ ಮೂರು ವರ್ಷ, ಗುರುತಿನ ವಿಚಾರದಲ್ಲಿ ಮೋಸವಾಗಿದ್ದರೆ ಹತ್ತು ವರ್ಷ. ಬ್ರಿಟನ್ನಿನಲ್ಲಿ ವಂಚನೆಗೆ ಹತ್ತು ವರ್ಷದವರೆಗೆ ಹೋಗಬಹುದು. ಅಮೆರಿಕದ ಕಾನೂನಿನಲ್ಲಿ ಉದ್ದೇಶಪೂರ್ವಕ ಸುಳ್ಳಿಗೆ ಕೊನೆಯೇ ಇಲ್ಲ, ಜೀವಮಾನವಿಡೀ. ನಿಮ್ಮ ಪತ್ರದಲ್ಲಿ ಈ ಎರಡನೆಯ ಬಗೆಯ ಕಲಂ ಕಂಡರೆ ನನ್ನಂಥ ಊರಿನ ನೋಟರಿಯ ಬಳಿ ಬರಬೇಡಿ. ಆ ದೇಶದಲ್ಲಿ ಪರವಾನಗಿ ಇರುವ ವಕೀಲರ ಇಲ್ಲವೆ ವಲಸೆ ಸಲಹೆಗಾರರ ಬಳಿ ಹೋಗಿ. ಸಲಹೆಗಾರರಿಗೆ ಪರವಾನಗಿ ಕೊಡುವ ಸಂಸ್ಥೆ ಕೆನಡಾಕ್ಕಾದರೆ ಅಲ್ಲಿನ ವಲಸೆ ಸಲಹೆಗಾರರ ‘ಕಾಲೇಜು’, ಆಸ್ಟ್ರೇಲಿಯಾಕ್ಕಾದರೆ ಅಲ್ಲಿನ ವಲಸೆ ಏಜೆಂಟರ ನೋಂದಣಿ ಪ್ರಾಧಿಕಾರ, ಎರಡೂ ನೋಂದಾಯಿತರ ಪಟ್ಟಿಯನ್ನು ಸಾರ್ವಜನಿಕವಾಗಿ ಇಟ್ಟಿವೆ. ಹೆಸರು, ಸಂಖ್ಯೆ ಹಾಕಿ ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಬಸ್ ನಿಲ್ದಾಣದ ಪಕ್ಕದ ಮಹಡಿಯ ಮೇಲಿನ ಬೋರ್ಡಿನಲ್ಲಿ ವಿಮಾನದ ಚಿತ್ರ ಇದ್ದ ಮಾತ್ರಕ್ಕೆ ಅದು ಪರವಾನಗಿ ಆಗುವುದಿಲ್ಲ.

ದಿನಗಳ ಲೆಕ್ಕಕ್ಕೆ ಬರೋಣ. ಆಸ್ಟ್ರೇಲಿಯಾದವರು ಸಾಮಾನ್ಯವಾಗಿ 28 ದಿನ ಕೊಡುತ್ತಾರೆ. ಕೆನಡಾದಲ್ಲಿ ಅಧಿಕಾರಿ ನಿಗದಿ ಮಾಡಿದ್ದಷ್ಟು, ಏಳು ದಿನವೂ ಇರಬಹುದು, ಮೂವತ್ತೂ ಇರಬಹುದು. ಅಮೆರಿಕದ ಒಳಗಿನ ನಿರಾಕರಣೆಯ ನೋಟಿಸಿಗೆ ಗರಿಷ್ಠ 30 ದಿನ, ಅದನ್ನು ವಿಸ್ತರಿಸುವುದಿಲ್ಲ; ಅಲ್ಲಿ ಇನ್ನೊಂದು ಬಿಗಿ ನಿಯಮವೆಂದರೆ ಎಲ್ಲ ದಾಖಲೆಗಳನ್ನೂ ಒಂದೇ ಸಲ ಕಳಿಸಬೇಕು. ಇವತ್ತು ಅರ್ಧ ಕಳಿಸಿ ಮುಂದಿನ ವಾರ ಉಳಿದದ್ದು ಎಂದರೆ, ಕಳಿಸಿದ ಅರ್ಧದ ಮೇಲೆಯೇ ತೀರ್ಮಾನ ಮಾಡಿಬಿಡುತ್ತಾರೆ. ಆಸ್ಟ್ರೇಲಿಯಾ, ಕೆನಡಾಗಳಲ್ಲಿ ಕಾಲಾವಕಾಶ ಕೇಳಬಹುದು, ಕೊಡುವುದು ಬಿಡುವುದು ಅವರಿಗೆ ಬಿಟ್ಟದ್ದು. ಗಡುವಿಗೆ ಮೊದಲೇ, ಬರಹದಲ್ಲಿ, ಕಾರಣ ಸಹಿತ ಕೇಳಿ. ನಾಡಕಚೇರಿಯಿಂದ ಕಾಗದ ಬರಬೇಕಿದ್ದರೆ, ಅದಕ್ಕೆ ಅರ್ಜಿ ಕೊಟ್ಟ ಸ್ವೀಕೃತಿ ಚೀಟಿಯನ್ನೂ ಜೊತೆಗಿಡಿ. ಕೇಳಿದ್ದೇವಲ್ಲ, ಕೊಟ್ಟೇ ಕೊಡುತ್ತಾರೆ ಎಂದು ಮಾತ್ರ ಕೂರಬೇಡಿ. ಇರುವಷ್ಟನ್ನು ಹಳೆಯ ಗಡುವಿನೊಳಗೆ ಕಳಿಸಿಯೇ ಬಿಡಿ.

ಗಡುವು ಯಾವತ್ತಿನಿಂದ ಶುರು? ಇಲ್ಲೇ ಮಲೆನಾಡಿನ ಮಕ್ಕಳಿಗೆ ಪೆಟ್ಟು ಬೀಳುವುದು. ಆಸ್ಟ್ರೇಲಿಯಾದ ಕಾಯ್ದೆಯ ಪ್ರಕಾರ ಇಮೇಲ್ ಮೂಲಕ ಕಳಿಸಿದ ಪತ್ರ, ಕಳಿಸಿದ ದಿನ ಮುಗಿಯುವಷ್ಟರಲ್ಲಿ ನಿಮಗೆ ತಲುಪಿತು ಎಂದೇ ಲೆಕ್ಕ. ನೀವು ತೆರೆದು ಓದಿದಿರಾ, ನಿಮ್ಮ ಮನೆಯಲ್ಲಿ ಸಿಗ್ನಲ್ ಇತ್ತೇ ಎಂದು ಯಾರೂ ಕೇಳುವುದಿಲ್ಲ. ಸೆಪ್ಟೆಂಬರಿನ ತರಗತಿಗೆ ಹೊರಡುವವರ ಅರ್ಜಿಗಳು ಓಡಾಡುವುದೇ ಜೂನ್, ಜುಲೈ, ಆಗಸ್ಟಿನಲ್ಲಿ. ಅದೇ ಹೊತ್ತಿಗೆ ಹೊಸನಗರ, ಆಗುಂಬೆಯ ಕಡೆ ಮರ ಬಿದ್ದು ಕರೆಂಟು ಹೋಗಿ, ಟವರಿನ ಬ್ಯಾಟರಿಯೂ ಮುಗಿದು, ಮೊಬೈಲು ಬರೀ ಟಾರ್ಚಾಗಿ ಉಳಿದಿರುತ್ತದೆ. ಅರ್ಜಿ ಹಾಕಿದ ಮೇಲೆ ಎರಡು ದಿನಕ್ಕೊಮ್ಮೆಯಾದರೂ ಪೇಟೆಗೆ ಬಂದು ಇಮೇಲ್ ನೋಡಿ, ಅನಪೇಕ್ಷಿತ ಪತ್ರಗಳ (ಸ್ಪ್ಯಾಮ್) ಕಡತವನ್ನೂ ಬಿಡಬೇಡಿ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಎಷ್ಟೋ ಅರ್ಜಿಗಳಲ್ಲಿ ಇಮೇಲ್ ವಿಳಾಸ ನಿಮ್ಮದಾಗಿರುವುದೇ ಇಲ್ಲ, ಏಜೆಂಟನದಾಗಿರುತ್ತದೆ. ಖಾತೆಯ ಪಾಸ್‌ವರ್ಡೂ ಅವನ ಬಳಿಯೇ. ಪತ್ರ ಅವನಿಗೆ ಬರುತ್ತದೆ, ಉತ್ತರವೂ ಅವನಿಂದಲೇ ಹೋಗುತ್ತದೆ, ಸಹಿ ಮಾತ್ರ ನಿಮ್ಮದು. ಮನೆಯ ಬೀರುವಿನ ಕೀಲಿಯನ್ನು ಹಾಗೆ ಯಾರಿಗಾದರೂ ಕೊಡುತ್ತೀರಾ?

ಒಂದು ಉದಾಹರಣೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರ ಮಗಳು ಸ್ನಾತಕೋತ್ತರ ಓದಿಗೆ ಆಸ್ಟ್ರೇಲಿಯಾಕ್ಕೆ ಅರ್ಜಿ ಹಾಕಿದ್ದಳು. ಅಲ್ಲಿ ವಿದ್ಯಾರ್ಥಿಯೊಬ್ಬರ ಒಂದು ವರ್ಷದ ಖರ್ಚಿಗೆಂದು 29,710 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು, 2024ರ ಮೇ ತಿಂಗಳಿನಿಂದ ಇದು ಜಾರಿಯಲ್ಲಿದೆ. ಬೋಧನಾ ಶುಲ್ಕ, ಪ್ರಯಾಣ ಬೇರೆ. ಸ್ವಲ್ಪ ಭಾಗ ಬ್ಯಾಂಕಿನ ಶಿಕ್ಷಣ ಸಾಲ, ಉಳಿದದ್ದು ತಂದೆಯ ಖಾತೆಯಲ್ಲಿ. ಆ ಖಾತೆಯ ಪುಸ್ತಕ ನೋಡಿ: ವರ್ಷವಿಡೀ ಎರಡು ಸಾವಿರ, ಐದು ಸಾವಿರ ಬಂದು ಹೋಗಿದೆ. ಮಾರ್ಚಿನಲ್ಲಿ ಇದ್ದಕ್ಕಿದ್ದಂತೆ 18,02,500 ರೂಪಾಯಿ. ಅದಾಗಿ ಕೆಲವೇ ದಿನಕ್ಕೆ ವೀಸಾ ಅರ್ಜಿ. ಅಧಿಕಾರಿಗೆ ಅನುಮಾನ ಬರದಿದ್ದರೇ ಆಶ್ಚರ್ಯ. ಯಾರಿಂದಲೋ ಹಣ ತಂದು ಖಾತೆಯಲ್ಲಿ ತಾತ್ಕಾಲಿಕವಾಗಿ ಕೂರಿಸಿದ್ದಾರೆ ಎಂದು ಅವರು ತಿಳಿದರು. ಪತ್ರ ಬಂತು.

ಏಜೆಂಟ್ ಕೊಟ್ಟ ಸಲಹೆ ಕೇಳಿ: ‘ಚಿಕ್ಕಪ್ಪ ಉಡುಗೊರೆ ಕೊಟ್ಟರು ಎಂದು ಒಂದು ಪತ್ರ ಮಾಡಿಸಿ, ನೋಟರಿ ಹಾಕಿಸಿ ಬನ್ನಿ.’ ಅದಕ್ಕೇ ಅವರು ನನ್ನ ಬಳಿ ಬಂದದ್ದು. ತಂದೆಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ. ತಮ್ಮ ಇಲ್ಲವೆನ್ನುವುದಿಲ್ಲ, ಒಂದು ಕಾಗದ ತಾನೆ ಎಂದರು. ‘ಹಣ ನಿಜವಾಗಿ ಎಲ್ಲಿಂದ ಬಂತು ಗೌಡರೇ?’ ಎಂದು ಕೇಳಿದೆ. ‘ಅಡಿಕೆಯದು. ದರ ಬರಲಿ ಎಂದು ಎರಡು ವರ್ಷದ ಅಡಿಕೆ ಮಾರದೆ ಅಟ್ಟದ ಮೇಲೆ ಇಟ್ಟಿದ್ದೆ. ಮಗಳ ಓದಿಗೆಂದು ಒಟ್ಟಿಗೆ ಹಾಕಿದೆ’ ಎಂದರು.

ನೋಡಿ, ನಿಜವೇ ಇಷ್ಟು ಗಟ್ಟಿಯಾಗಿರುವಾಗ ಅದನ್ನು ಬಿಟ್ಟು ಸುಳ್ಳಿಗೆ ನೋಟರಿ ಮುದ್ರೆ ಹುಡುಕಿಕೊಂಡು ಬಂದಿದ್ದರು! ಅಡಿಕೆಯನ್ನು ಹಣದ ಹಾಗೆ ಕೂಡಿಡುವುದು ನಮಗೆ ಎಷ್ಟು ಸಹಜವೆಂದರೆ, ಅದನ್ನು ವಿವರಿಸಬೇಕೆಂದು ನಮಗೆ ಹೊಳೆಯುವುದೇ ಇಲ್ಲ. ಕಡತ ನೋಡುವ ಅಧಿಕಾರಿ ಅಡಿಕೆ ಮರವನ್ನೇ ನೋಡಿರಲಿಕ್ಕಿಲ್ಲ. ಸಂಬಳದ ಚೀಟಿ, ಆದಾಯ ತೆರಿಗೆಯ ವಿವರ ನೋಡಿ ಅಭ್ಯಾಸವಾದವರು. ಕೃಷಿ ಆದಾಯಕ್ಕೆ ನಮ್ಮಲ್ಲಿ ಕೇಂದ್ರದ ಆದಾಯ ತೆರಿಗೆ ಇಲ್ಲ, ಆದ್ದರಿಂದ ತೆರಿಗೆ ವಿವರ ಸಲ್ಲಿಸಿಲ್ಲ ಎಂಬುದನ್ನೂ ಎರಡು ಸಾಲಿನಲ್ಲಿ ಬರೆಯಲೇಬೇಕು. ಬರೆಯದಿದ್ದರೆ ಅವರ ಕಣ್ಣಿಗೆ ನೀವು ಆದಾಯವೇ ಇಲ್ಲದವರು ಅಥವಾ ತೆರಿಗೆ ಕದ್ದವರು.

ಉಡುಗೊರೆ ಪತ್ರಕ್ಕೆ ನಾನು ಮುದ್ರೆ ಹಾಕಲಿಲ್ಲ. ಮನೆಗೆ ಹೋಗಿ ಅಡಿಕೆಯ ಬಿಲ್ಲುಗಳನ್ನೆಲ್ಲ ತರಲು ಹೇಳಿದೆ. ಸಹಕಾರಿ ಮಾರಾಟ ಸಂಘಕ್ಕೆ ಅಡಿಕೆ ಹಾಕುವವರಿಗೆ ಇಲ್ಲೊಂದು ಅನುಕೂಲ ಇದೆ. ಮಾಮ್ಕೋಸ್‌ನಂಥ ಸಂಘದಲ್ಲಿ ಸದಸ್ಯನ ಹೆಸರಿನಲ್ಲಿ ಲೆಕ್ಕ ಇರುತ್ತದೆ. ಯಾವ ದಿನ ಎಷ್ಟು ಮೂಟೆ, ರಾಶಿಯೋ ಬೆಟ್ಟೆಯೋ ಸರಕೋ ಗೊರಬಲೋ, ಕ್ವಿಂಟಾಲಿಗೆ ಏನು ದರ, ಎಲ್ಲವೂ ಅದರಲ್ಲಿ ಸಿಗುತ್ತದೆ. ತೋಟವನ್ನು ಚೇಣಿಗೆ, ಅಂದರೆ ಮರದ ಮೇಲಿನ ಫಸಲನ್ನೇ ಗುತ್ತಿಗೆಗೆ, ಕೊಟ್ಟು ನಗದು ಎಣಿಸಿಕೊಂಡವರಿಗೆ ಈ ಭಾಗ್ಯ ಇಲ್ಲ. ಅವರಿಗೆ ನನ್ನ ಮಾತು ಇಷ್ಟೇ: ಮಕ್ಕಳನ್ನು ಹೊರದೇಶಕ್ಕೆ ಕಳಿಸುವ ಯೋಚನೆ ಇದ್ದರೆ ಈ ವರ್ಷದಿಂದಲೇ ಚೇಣಿಯ ಹಣವನ್ನು ಬ್ಯಾಂಕಿನ ಮೂಲಕ ತೆಗೆದುಕೊಳ್ಳಿ, ಕರಾರು ಬರೆಸಿಕೊಳ್ಳಿ.

ಬಿಲ್ಲುಗಳು ಬಂದವು. ಮೊತ್ತ ಕೂಡಿಸಿದರೆ 19,40,000. ಬ್ಯಾಂಕಿಗೆ ಬಂದದ್ದು 18,02,500. ವ್ಯತ್ಯಾಸ ಏನು? ಹಿಂದಿನ ವರ್ಷ ಅಡಿಕೆಯ ಮೇಲೆ ತೆಗೆದ ಸಾಲ ಬಡ್ಡಿ ಸೇರಿ 1,25,000, ಹಮಾಲಿ ಇತ್ಯಾದಿ ಖರ್ಚು 12,500. ಸಂಘದವರು ಮುರಿದುಕೊಂಡು ಉಳಿದದ್ದನ್ನು ಹಾಕಿದ್ದರು. ಇದು ನಮಗೆ ತಿಳಿದ ಸಂಗತಿ. ಆದರೆ ವಿವರಣೆ ಇಲ್ಲದೆ ಎರಡೂ ಕಾಗದ ಕಳಿಸಿದ್ದರೆ, ಒಂದು ಅನುಮಾನ ಪರಿಹರಿಸಲು ಹೋಗಿ ಇನ್ನೊಂದನ್ನು ನಾವೇ ಕೈಯಾರೆ ಕೊಟ್ಟಂತೆ ಆಗುತ್ತಿತ್ತು. ಒಂದು ಹಾಳೆಯಲ್ಲಿ ಕೋಷ್ಟಕ ಮಾಡಿದೆವು: ದಿನಾಂಕ, ಬಿಲ್ ಸಂಖ್ಯೆ, ತೂಕ, ದರ, ಮೊತ್ತ, ಕಡಿತ, ಬ್ಯಾಂಕಿಗೆ ಬಂದದ್ದು, ಆ ನಮೂದು ಖಾತೆಯ ವಿವರದ ಎಷ್ಟನೇ ಪುಟದಲ್ಲಿದೆ. ಲಕ್ಷದ ಲೆಕ್ಕ ಅವರಿಗೆ ಗೊತ್ತಿಲ್ಲ, ಅಲ್ಪವಿರಾಮದ ಜಾಗವೇ ಬೇರೆ. ಆದ್ದರಿಂದ ಪಕ್ಕದಲ್ಲಿ ಆಸ್ಟ್ರೇಲಿಯನ್ ಡಾಲರಿನ ಅಂದಾಜು ಬೆಲೆಯನ್ನೂ, ಯಾವ ದಿನದ ವಿನಿಮಯ ದರ ಎಂಬುದನ್ನೂ ಬರೆದೆವು. ಹಿಂದಿನ ವರ್ಷಗಳ ಬಿಲ್ಲುಗಳನ್ನೂ ಸೇರಿಸಿದೆವು, ಆ ಮನೆ ಅಡಿಕೆ ಮಾರುವುದು ಇದೇ ಮೊದಲಲ್ಲ ಎಂದು ತೋರಬೇಕಲ್ಲ.

ಆಮೇಲೆ ಪಹಣಿ. ಅದು ಕನ್ನಡದಲ್ಲಿರುತ್ತದೆ, ಇಂಗ್ಲಿಷ್ ಅನುವಾದ ಬೇಕು. ಬೆಳೆಯ ಕಾಲಮಿನಲ್ಲಿ ಅಡಿಕೆ ಎಂದಿರಬೇಕು. ಕೆಲವರ ಪಹಣಿಯಲ್ಲಿ ಅಜ್ಜನ ಕಾಲದ ಭತ್ತವೇ ಇನ್ನೂ ಉಳಿದಿರುತ್ತದೆ, ತೋಟವಾಗಿ ಮೂವತ್ತು ವರ್ಷ ಆಗಿರುತ್ತದೆ. ಈ ಮನೆಯ ಪಹಣಿಯಲ್ಲಿ ವಿಸ್ತೀರ್ಣ 2.20 ಎಂದಿತ್ತು. ನಮಗೆ ಅದು ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ಅನುವಾದ ಮಾಡಿದವರು ‘2.20 ಎಕರೆ’ ಎಂದು ಬರೆದುಕೊಟ್ಟಿದ್ದರು. ದಶಮಾಂಶ ಎಂದು ಓದಿದರೆ ಹನ್ನೆರಡು ಗುಂಟೆ ಮಾಯ. ಬ್ಯಾಂಕಿನ ಮೌಲ್ಯಮಾಪನದ ವರದಿಯಲ್ಲಿ 2.50 ಎಕರೆ ಎಂದಿತ್ತು, ಅದೂ ಸರಿಯೇ. ಎರಡು ಸರಿಗಳು ಸೇರಿ ಒಂದು ಸುಳ್ಳಿನ ಹಾಗೆ ಕಾಣುತ್ತಿದ್ದವು. ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಒಂದು ಸಾಲು ಅಡಿಟಿಪ್ಪಣಿ ಸಾಕಾಯಿತು. ಆ ಹುಡುಗಿಗೆ ವೀಸಾ ಸಿಕ್ಕಿತು. ಇದೇ ರೀತಿ ಎಲ್ಲವನ್ನೂ ಒಪ್ಪವಾಗಿ ಜೋಡಿಸಿ ಕಳಿಸಿಯೂ ಸಿಗದೇ ಹೋದವರೂ ಇದ್ದಾರೆ, ಅದನ್ನೂ ಮುಚ್ಚಿಡುವುದಿಲ್ಲ.

ಹೆಸರಿನ ತಾಪತ್ರಯ ಇನ್ನೊಂದು. ನಮ್ಮಲ್ಲಿ ಅನೇಕರಿಗೆ ಉಪನಾಮವೇ ಇಲ್ಲ. ಊರಿನ ಅಕ್ಷರ, ಅಪ್ಪನ ಅಕ್ಷರ, ಆಮೇಲೆ ಹೆಸರು. ಪಾಸ್‌ಪೋರ್ಟಿನಲ್ಲಿ ಅಕ್ಷರಗಳನ್ನು ಬಿಡಿಸಿ ಬರೆದಿರುತ್ತಾರೆ, ಅಂಕಪಟ್ಟಿಯಲ್ಲಿ ಬಿಡಿಸಿರುವುದಿಲ್ಲ, ಪಹಣಿಯಲ್ಲಿ ‘ಬಿನ್’ ಎಂದು ಅಪ್ಪನ ಹೆಸರಿರುತ್ತದೆ. ಅನುವಾದದಲ್ಲಿ ಆ ‘ಬಿನ್’ ಕೂಡ ಹೆಸರಿನ ಭಾಗವಾಗಿ ಕೂತುಬಿಟ್ಟಿದ್ದನ್ನು ನಾನು ನೋಡಿದ್ದೇನೆ. ಊರಿನ ಹೆಸರೂ ಎರಡಾಗಿದೆ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಹೆಸರು ಇಂಗ್ಲಿಷಿನಲ್ಲೂ ಕನ್ನಡದ ಉಚ್ಚಾರಣೆಗೆ ಬದಲಾದವು, ಶಿಮೊಗಾ ಹೋಗಿ ಶಿವಮೊಗ್ಗ ಆಯಿತು. ನಿಮ್ಮ ಜನನ ಪತ್ರದಲ್ಲಿ ಹಳೆಯದು, ಪಾಸ್‌ಪೋರ್ಟಿನಲ್ಲಿ ಹೊಸದು. ಕನ್ನಡಿಗನಿಗೆ ಇದು ಪ್ರಶ್ನೆಯೇ ಅಲ್ಲ, ಪತ್ರದಲ್ಲಿ ಕೇಳಿದ್ದರೆ ಸರ್ಕಾರಿ ಅಧಿಸೂಚನೆಯ ಪ್ರತಿ ಇಟ್ಟರೆ ಮುಗಿಯಿತು.

ಇಂಥ ಹೊತ್ತಿಗೆ ‘ಇಬ್ಬರೂ ಒಬ್ಬನೇ ವ್ಯಕ್ತಿ’ ಎಂಬ ಅಫಿಡವಿಟ್ ಮಾಡಿಸುತ್ತಾರೆ. ನಾನೇ ನೋಟರಿಯಾಗಿದ್ದೂ ಹೇಳುತ್ತೇನೆ, ಬರೀ ಅಫಿಡವಿಟ್ಟಿನ ಮೇಲೆ ಭಾರ ಹಾಕಬೇಡಿ. ನಾನು ಮುದ್ರೆ ಹಾಕುವುದು ನೀವು ನನ್ನೆದುರು ಪ್ರಮಾಣ ಮಾಡಿ ಸಹಿ ಹಾಕಿದಿರಿ ಎಂಬುದಕ್ಕೆ. ಒಳಗೆ ಬರೆದದ್ದು ನಿಜ ಎಂಬುದಕ್ಕೆ ನನ್ನ ಮುದ್ರೆ ಸಾಕ್ಷಿಯಲ್ಲ, ಇದು ಆ ಅಧಿಕಾರಿಗಳಿಗೆ ಚೆನ್ನಾಗಿ ಗೊತ್ತು. ವೀಸಾ ಪತ್ರ ಬಂದ ಮರುದಿನದ ತಾರೀಖಿನ ಅಫಿಡವಿಟ್ಟಿಗಿಂತ, ಹತ್ತು ವರ್ಷದ ಹಿಂದೆ ಬೇರಾವುದೋ ಕೆಲಸಕ್ಕೆ ಹುಟ್ಟಿದ ಕಾಗದಕ್ಕೆ ಬೆಲೆ ಹೆಚ್ಚು. ಶಾಲೆಯ ದಾಖಲಾತಿ ಪುಸ್ತಕದ ಪ್ರತಿ, ಹಳೆಯ ಪಡಿತರ ಚೀಟಿ, ವಿಮೆಯ ಬಾಂಡ್ ಹುಡುಕಿ. ಅಟ್ಟದ ಮೇಲಿನ ಟ್ರಂಕು ಇಳಿಸಿ.

ಕಳಿಸಿದ ಕಾಗದವನ್ನು ಅವರು ಪರಿಶೀಲಿಸುತ್ತಾರೆ. ಬ್ಯಾಂಕಿಗೆ, ಕಾಲೇಜಿಗೆ, ಕೆಲಸದ ಜಾಗಕ್ಕೆ ಫೋನ್ ಮಾಡುವುದುಂಟು. ಹಳ್ಳಿಯ ಸೊಸೈಟಿಯೊಂದರ ಕಾರ್ಯದರ್ಶಿಗೆ ಹೀಗೆ ಕರೆ ಬಂತು. ಇಂಗ್ಲಿಷಿನಲ್ಲಿ ಯಾರೋ ಸದಸ್ಯನ ಖಾತೆಯ ವಿವರ ಕೇಳುತ್ತಿದ್ದಾರೆ. ಅವರು ಇದು ಖಂಡಿತ ಮೋಸದ ಕರೆಯೆಂದು ಬೈದು ಇಟ್ಟುಬಿಟ್ಟರು! ಅವರನ್ನು ಹೇಗೆ ದೂರುವುದು, ದಿನಾ ಪೊಲೀಸರೇ ಹಾಗೆ ಮಾಡಿ ಎಂದು ಹೇಳುತ್ತಿದ್ದಾರೆ. ‘ದಾಖಲೆ ದೃಢಪಡಲಿಲ್ಲ’ ಎಂಬ ಪತ್ರ ಹುಡುಗನಿಗೆ ಬಂತು. ಉತ್ತರವಾಗಿ ಸೊಸೈಟಿಯ ಆಡಳಿತ ಮಂಡಳಿಯ ಪತ್ರ, ಕಾರ್ಯದರ್ಶಿಯ ಹೆಸರು, ಹುದ್ದೆ, ಮೊಬೈಲ್ ಸಂಖ್ಯೆ, ಸಂಘದ ನೋಂದಣಿ ಪ್ರಮಾಣಪತ್ರ, ಇಂಥ ದಿನ ಇಂಥ ಕರೆ ಬಂದಿತ್ತು ಎಂಬ ಒಪ್ಪಿಗೆ, ಇಷ್ಟನ್ನು ಕಳಿಸಬೇಕಾಯಿತು. ನೀವು ಅರ್ಜಿ ಹಾಕುವ ಮೊದಲೇ ಸಂಬಂಧಪಟ್ಟವರಿಗೆ ಒಂದು ಮಾತು ಹೇಳಿಡಿ. ಸೊಸೈಟಿಯ ಠೇವಣಿಯನ್ನು ಎಲ್ಲ ದೇಶಗಳೂ ಒಪ್ಪುವುದಿಲ್ಲ ಎಂಬುದನ್ನೂ ಮೊದಲೇ ನೋಡಿಕೊಳ್ಳಿ.

ಈಗ ಕಹಿ ವಿಚಾರ. ದಾಖಲೆ ನಿಜವಾಗಿಯೇ ನಕಲಿ ಆಗಿದ್ದರೆ? 2023ರಲ್ಲಿ ಕೆನಡಾದಲ್ಲಿ, ಹೆಚ್ಚಾಗಿ ಪಂಜಾಬಿನಿಂದ ಹೋದ ವಿದ್ಯಾರ್ಥಿಗಳ ಪ್ರವೇಶ ಪತ್ರಗಳೇ ನಕಲಿ ಎಂಬುದು ಬೆಳಕಿಗೆ ಬಂತು. ಕೆಲವರು ಅಲ್ಲಿಗೆ ಹೋಗಿ ಓದಿ ಮುಗಿಸಿ, ಕಾಯಂ ನೆಲೆಗೆ ಅರ್ಜಿ ಹಾಕಿದಾಗ ವಿಷಯ ಹೊರಬಿತ್ತು. ನಮಗೆ ಗೊತ್ತಿರಲಿಲ್ಲ, ಏಜೆಂಟ್ ಮಾಡಿದ್ದು ಎಂದರು. ಆ ವರ್ಷದ ಜೂನ್‌ನಲ್ಲಿ ಕೆನಡಾ ಸರ್ಕಾರ ಒಂದು ಕಾರ್ಯಪಡೆ ರಚಿಸಿ, ನಿಜವಾಗಿ ಓದಲೆಂದೇ ಬಂದು ಮೋಸ ಹೋದವರನ್ನು ಬೇರ್ಪಡಿಸಿ ನೋಡುವುದಾಗಿ ಹೇಳಿತು. 2023ರ ಡಿಸೆಂಬರ್ 1ರಿಂದ ಪ್ರತಿ ಪ್ರವೇಶ ಪತ್ರವನ್ನೂ ಆಯಾ ಕಾಲೇಜು ದೃಢಪಡಿಸಬೇಕು ಎಂಬ ವ್ಯವಸ್ಥೆ ಬಂತು. ಅಂದು ಸರ್ಕಾರ ತೋರಿದ ಆ ಕರುಣೆ ಪ್ರತಿಯೊಬ್ಬರಿಗೂ ಸಿಗುವುದಿಲ್ಲ. ‘ನನಗೆ ಗೊತ್ತಿರಲಿಲ್ಲ’ ಎಂಬ ಮಾತನ್ನು ಕಾನೂನು ಬಹಳ ಇಕ್ಕಟ್ಟಾದ ಬಾಗಿಲಿನಿಂದ ಮಾತ್ರ ಒಳಗೆ ಬಿಡುತ್ತದೆ. ಅರ್ಜಿ ನಿಮ್ಮದು, ಸಹಿ ನಿಮ್ಮದು, ಹೊಣೆಯೂ ನಿಮ್ಮದೇ ಎಂಬುದು ಅವರ ಸಾಮಾನ್ಯ ನಿಲುವು.

ಆದ್ದರಿಂದ ಏಜೆಂಟನೇ ತಪ್ಪು ಮಾಡಿದ್ದರೆ ಅದನ್ನು ಹೇಳಿ, ಆದರೆ ಪುರಾವೆಯೊಂದಿಗೆ ಹೇಳಿ. ಅವನಿಗೆ ಹಣ ಕಳಿಸಿದ ರಸೀದಿ, ವಾಟ್ಸ್‌ಆ್ಯಪ್ ಮಾತುಕತೆ, ನೀವು ಅವನಿಗೆ ಕೊಟ್ಟ ನಿಜವಾದ ದಾಖಲೆ, ವಿಷಯ ತಿಳಿದ ಕೂಡಲೇ ನೀವು ಕೊಟ್ಟ ಪೊಲೀಸ್ ದೂರು. ನಿಮ್ಮ ಉತ್ತರವನ್ನು ಬರೆಯಲು ಅದೇ ಏಜೆಂಟನಿಗೆ ಕೊಡುವುದು ಏಕೆ ಅಪಾಯ ಎಂದು ಈಗ ತಿಳಿಯಿತಲ್ಲ? ತನ್ನ ತಪ್ಪನ್ನು ತಾನೇ ಬರೆಯುವವನು ಯಾರೂ ಇಲ್ಲ. ಅವನು ಮೊದಲ ಸುಳ್ಳಿಗೆ ಎರಡನೆಯದನ್ನು ಹೊದಿಸುತ್ತಾನೆ, ಅದು ನಿಮ್ಮ ಹೆಸರಿನಲ್ಲಿ ಹೋಗುತ್ತದೆ. ಅರ್ಜಿಯನ್ನೇ ಹಿಂದಕ್ಕೆ ಪಡೆದರೆ ಪಾರಾಗಬಹುದು ಎಂದು ಕೆಲವರು ಹೇಳುತ್ತಾರೆ. ಕೆಲವು ಸಂದರ್ಭಗಳಲ್ಲಿ ಅದು ಸರಿಯಾದ ನಡೆಯೂ ಆಗಬಹುದು, ಆದರೆ ಹಿಂದೆಗೆದ ಮಾತ್ರಕ್ಕೆ ಕಡತದಲ್ಲಿ ಬಿದ್ದ ಅನುಮಾನ ಅಳಿಸಿಹೋಗುತ್ತದೆ ಎಂಬ ಖಾತರಿ ಇಲ್ಲ. ಆ ದೇಶದ ವಕೀಲರನ್ನು ಕೇಳದೆ ಆ ಗುಂಡಿ ಒತ್ತಬೇಡಿ.

ಉತ್ತರದ ಬರವಣಿಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಜನ ಮನವಿ ಬರೆಯುವುದರಲ್ಲಿ ನಿಸ್ಸೀಮರು, ಜಿಲ್ಲಾಧಿಕಾರಿಗೆ ನಾಲ್ಕು ಪುಟ ಬರೆದು ಕೊನೆಗೆ ವಿಷಯ ಹೇಳುತ್ತಾರೆ. ಇಲ್ಲಿ ಅದು ಬೇಡ. ಮೊದಲ ಸಾಲಿನಲ್ಲಿ ಅರ್ಜಿಯ ಸಂಖ್ಯೆ, ಪತ್ರದ ದಿನಾಂಕ. ಆಮೇಲೆ ಅವರ ಅನುಮಾನವನ್ನು ಅವರದೇ ಮಾತಿನಲ್ಲಿ ಬರೆದು, ಅದರ ಕೆಳಗೆ ನಿಮ್ಮ ಉತ್ತರ, ಅದರ ಪಕ್ಕ ದಾಖಲೆಯ ಸಂಖ್ಯೆ. ಮಗಳು ಚಿಕ್ಕಂದಿನಿಂದ ಕಂಡ ಕನಸು, ಮನೆದೇವರ ಹರಕೆ, ಮನೆಯವರೆಲ್ಲ ಊಟ ಬಿಟ್ಟಿರುವುದು, ಇವೆಲ್ಲ ನಿಜವೇ ಇರಬಹುದು, ಕಡತದಲ್ಲಿ ಅವುಗಳಿಗೆ ಜಾಗವಿಲ್ಲ. ಎಲ್ಲಿಂದಲೋ ಇಳಿಸಿಕೊಂಡ ಸಿದ್ಧ ಉತ್ತರವನ್ನಂತೂ ಕಳಿಸಲೇಬೇಡಿ. ಅದೇ ವಾಕ್ಯಗಳನ್ನು ಆ ಅಧಿಕಾರಿ ಅದೇ ದಿನ ಇನ್ನೊಬ್ಬರ ಕಡತದಲ್ಲೂ ಓದಿರುತ್ತಾರೆ. ಕೃಷಿ ಪದವಿ ಮುಗಿಸಿ ಹೋಟೆಲ್ ನಿರ್ವಹಣೆಯ ಡಿಪ್ಲೊಮಾ ಏಕೆ ಎಂದು ಕೇಳಿದ್ದರೆ, ಕಾರಣವನ್ನು ನಿಮ್ಮ ಮಾತಿನಲ್ಲೇ ಬರೆಯಿರಿ. ಮನೆಯಲ್ಲಿ ಹೋಂಸ್ಟೇ ಇದ್ದರೆ ಅದರ ನೋಂದಣಿ ಪತ್ರ ಇಡಿ, ಇಲ್ಲದಿದ್ದರೆ ಇದೆ ಎಂದು ಬರೆಯಬೇಡಿ.

ಉತ್ತರ ಕಳಿಸಿದ ಮೇಲೆ ಪೂರ್ತಿ ಪ್ರತಿಯನ್ನು, ಸಲ್ಲಿಕೆಯಾದ ಸ್ವೀಕೃತಿಯ ಸಹಿತ, ಮುದ್ರಿಸಿ ಇಟ್ಟುಕೊಳ್ಳಿ. ನಿರಾಕರಣೆ ಬಂದರೆ ಬೇಕಾಗುತ್ತದೆ: ಹೊರಗಿನಿಂದ ಅರ್ಜಿ ಹಾಕಿದವರು ಕೆನಡಾದ ಫೆಡರಲ್ ಕೋರ್ಟಿಗೆ ಹೋಗಲು 60 ದಿನ ಇರುತ್ತದೆ, ನೀವು ಕಳಿಸಿದ ಉತ್ತರವನ್ನು ಅಧಿಕಾರಿ ಓದಿ ಪರಿಗಣಿಸಿದರೇ ಎಂಬುದೇ ಅಲ್ಲಿ ಮುಖ್ಯ ಪ್ರಶ್ನೆಯಾಗಬಹುದು. ವೀಸಾ ಸಿಕ್ಕರೂ ಬೇಕಾಗುತ್ತದೆ, ಮುಂದಿನ ಅರ್ಜಿಯಲ್ಲಿ ನೀವು ಬರೆಯುವುದು ಇದಕ್ಕೆ ಹೊಂದಬೇಕು.

ಕೊನೆಗೆ, ಉಪನ್ಯಾಸಕ್ಕೆ ಮೊದಲು ಹೊರಗೆ ಕಾಫಿ ಕುಡಿಯುವಾಗ ಒಬ್ಬರು ತಾಯಿ ಕೇಳಿದ ಪ್ರಶ್ನೆ. ಅವರ ಮಗನಿಗೆ ಒಂದು ದೇಶದ ವೀಸಾ ನಿರಾಕರಣೆಯಾಗಿದೆ. ಈಗ ಇನ್ನೊಂದು ದೇಶಕ್ಕೆ ಹಾಕುತ್ತಿದ್ದಾರೆ. ‘ಹಿಂದೆ ಯಾವುದಾದರೂ ದೇಶ ನಿಮಗೆ ವೀಸಾ ನಿರಾಕರಿಸಿದೆಯೇ’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಗುರುತು ಹಾಕೋಣ, ಅವರಿಗೆ ಹೇಗೆ ಗೊತ್ತಾಗುತ್ತದೆ ಎಂದು ಯಾರೋ ಹೇಳಿದ್ದಾರಂತೆ. ಅಮ್ಮ, ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಐದೂ ದೇಶಗಳು ಬೆರಳಚ್ಚಿನ ಆಧಾರದ ಮೇಲೆ ವಲಸೆ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ನಿಮ್ಮ ಮಗ ಬೆರಳಚ್ಚು ಕೊಟ್ಟಿದ್ದಾನೆ. ‘ಹೌದು’ ಎಂದೇ ಗುರುತು ಹಾಕಿಸಿ, ನಿರಾಕರಣೆಯ ಪತ್ರದ ಪ್ರತಿ ಲಗತ್ತಿಸಿ, ಈ ಸಲ ಏನು ಬದಲಾಗಿದೆ ಎಂದು ನಾಲ್ಕು ಸಾಲು ಬರೆಸಿ. ಅರ್ಜಿ ಈಗಾಗಲೇ ಹೋಗಿದ್ದು, ಅದರಲ್ಲಿ ‘ಇಲ್ಲ’ ಎಂದು ಬಿದ್ದಿದ್ದರೆ, ಅವರು ಕೇಳುವ ಮೊದಲೇ ತಿದ್ದುಪಡಿ ಕಳಿಸಿ. ಖಾತೆಯ ಪಾಸ್‌ವರ್ಡ್ ಯಾರ ಬಳಿ ಇದೆ ಎಂದು ಮೊದಲು ವಿಚಾರಿಸಿ.